ರೋಹಿಣಿಯಲ್ಲಿ ಹುಟ್ಟಿದವರು

ರೋಹಿಣಿಯ ನಕ್ಷತ್ರಗುಚ್ಛ ನೋಡುವುದಕ್ಕೆ ಅಂಥ ಚಂದವೇನೂ ಇಲ್ಲ. ಅದರ ಪಕ್ಕದಲ್ಲೇ ಕೃತ್ತಿಕೆ ಇದೆ. ಮುಷ್ಟಿಯಲ್ಲಿ ಹಿಡಿದಿಟ್ಟ ಹಾಗೆ ಒತ್ತೊತ್ತಾಗಿ ಕೂತಿರುತ್ತದೆ, ಎಂಥ ಅವಸರದವರೂ ಒಮ್ಮೆ ನಿಂತು ನೋಡುತ್ತಾರೆ. ರೋಹಿಣಿಯದು ಹಾಗಲ್ಲ. ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ಅಲ್ಲೊಂದು ಇಲ್ಲೊಂದು ಚದುರಿಕೊಂಡ ಮಂಕು ಚುಕ್ಕೆಗಳು. ಗುರುತು ಹಿಡಿಯಬೇಕಾದರೆ ಇಂಗ್ಲಿಷಿನ ವಿ ಅಕ್ಷರವನ್ನು ಅಡ್ಡ ಮಲಗಿಸಿದಂಥ ಆಕಾರ ಹುಡುಕಬೇಕು. ನಮ್ಮ ಹಿರಿಯರು ಅದನ್ನು ಬಂಡಿ ಅಂದರು. ಆ ಬಂಡಿಯ ಒಂದು ತುದಿಗೆ ದೊಡ್ಡದೊಂದು ಕೆಂಪು ಚುಕ್ಕೆ. ರೋಹಿಣಿ ಎಂದು ಜನ ಬೆರಳು ಮಾಡಿ ತೋರಿಸುವುದು ಆ ಕೆಂಪು ಚುಕ್ಕೆಯನ್ನೇ.

ನಾನು ಇದನ್ನು ನೋಡುವುದು ವಿಜಯವಾಡದ ಬಾಡಿಗೆ ಮನೆಯ ಮಾಳಿಗೆಯಿಂದ. ಬ್ಯಾಂಕಿನ ನೌಕರಿ, ಗದಗಿನವನನ್ನು ವರ್ಗಾವಣೆ ಇಲ್ಲಿಗೆ ತಂದು ಹಾಕಿದೆ. ಹೆಂಡತಿ ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರ್, ಮಗಳ ಓದೂ ಅಲ್ಲೇ. ಹಾಗಾಗಿ ಸಂಜೆ ಶಾಖೆಯಿಂದ ಬಂದ ಮೇಲೆ ನನಗೆ ಮಾಡಲು ಕೆಲಸವಿಲ್ಲ. ಒಂದು ಬೈನಾಕ್ಯುಲರ್ ಕೊಂಡೆ. ಆಟೋನಗರ್ ಕಡೆಯ ಆಕಾಶ ಲಾರಿ ಗ್ಯಾರೇಜುಗಳ ದೀಪದಿಂದ ಯಾವಾಗಲೂ ಹಳದಿ ಹಳದಿ. ನೆತ್ತಿಯ ಮೇಲೆ ಮಾತ್ರ ಒಂದಿಷ್ಟು ಕಪ್ಪು ಉಳಿದಿರುತ್ತದೆ. ಮನೆಯ ಮಾಲೀಕರ ಹೆಂಡತಿ ಹಪ್ಪಳ ತೆಗೆಯಲು ಮೇಲೆ ಬಂದಾಗೆಲ್ಲ ನನ್ನನ್ನು ನೋಡಿ, "ವರ್ಷಂ ವಸ್ತುಂದಾ ಅಂಡಿ?" ಎಂದು ಕೇಳುತ್ತಾರೆ. ಮಳೆ ಬರುತ್ತದಾ ಅಂತ. ಬ್ಯಾಂಕಿನವನು ಆಕಾಶ ನೋಡುವುದಕ್ಕೆ ಬೇರೆ ಕಾರಣ ಅವರಿಗೆ ಹೊಳೆಯುವುದಿಲ್ಲ. "ರಾದು ಅಂಡಿ," ಬರುವುದಿಲ್ಲ, ಎಂದು ನಾನೂ ಹವಾಮಾನ ಇಲಾಖೆಯವರ ಗತ್ತಿನಲ್ಲಿ ಹೇಳುತ್ತೇನೆ.

ಇಷ್ಟು ದೊಡ್ಡ ಆಕಾಶದಲ್ಲಿ ಈ ಹರಕು ಗುಚ್ಛವನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಅದು ನನ್ನ ಜನ್ಮನಕ್ಷತ್ರ. ರೋಹಿಣಿಯಲ್ಲಿ ಗಂಡು ಹುಟ್ಟಿದರೆ ಸೋದರಮಾವನಿಗೆ ಕಂಟಕ ಎಂದು ನಮ್ಮ ಕಡೆ ನಂಬುತ್ತಾರೆ; ತೆಲುಗರೂ ನಂಬುತ್ತಾರೆ. ಕೃಷ್ಣ ಹುಟ್ಟಿದ್ದು ರೋಹಿಣಿಯಲ್ಲಿ, ಕಂಸನ ಗತಿ ಏನಾಯಿತು ನೋಡಿ ಅನ್ನುತ್ತಾರೆ. ಕಂಸ ಮಾಡಿದ್ದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಹುಟ್ಟಿ ಕೆಲವೇ ತಿಂಗಳಿಗೆ ಅವ್ವನ ಒಬ್ಬನೇ ತಮ್ಮ ಕಾಮಾಲೆಯಾಗಿ ತೀರಿಕೊಂಡ. ಇನ್ನೂ ಮದುವೆಯಾಗದ ಹುಡುಗ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಆ ವರ್ಷ ಆ ಓಣಿಯಲ್ಲಿ ಕಾಮಾಲೆಯಿಂದ ಸತ್ತವರು ಬೇರೆಯವರೂ ಇದ್ದರು. ಅವರಿಗೆಲ್ಲ ರೋಹಿಣಿಯ ಅಳಿಯಂದಿರು ಎಲ್ಲಿಂದ ಬರಬೇಕು?

ಆದರೆ ಊರ ಬಾಯಿಗೆ ಕೀಲಿ ಹಾಕಲಾಗುತ್ತದೆಯೇ? ಅವ್ವನ ತವರಿನ ಮದುವೆ ಮುಂಜಿಗಳಲ್ಲಿ ನಾನು ಊಟಕ್ಕೆ ಕೂತರೆ, ಬಡಿಸುವವರು ಒಬ್ಬರಿಗೊಬ್ಬರು, "ಇವನ ಏನ, ಮಾವನ್ನ ನುಂಗಿದಾಂವ?" ಅನ್ನುತ್ತಿದ್ದರು. ಪಾಪ, ದ್ವೇಷವಿರಲಿಲ್ಲ, ಗುರುತಿಗಾಗಿ ಅನ್ನುತ್ತಿದ್ದರು, ಕುಂಟ, ಮೆಳ್ಳಗಣ್ಣ ಅನ್ನುವ ಹಾಗೆ. ತಾಯಿಯ ತಾಯಿ, ನಮ್ಮಜ್ಜಿ, ಸಾಯುವ ತನಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ತಂಗಿಯನ್ನು ಕೂರಿಸಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ಅವ್ವ ಮಾತ್ರ ಆ ಮಾತು ಬಂದಾಗೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಬೈನಾಕ್ಯುಲರ್ ಕೊಂಡ ಮೇಲೆ ಒಂದಿಷ್ಟು ಓದಿದೆ. ಓದಿ ತಿಳಿದದ್ದರಲ್ಲಿ ಒಂದು ಸಂಗತಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಆ ಗುಚ್ಛದ ಮಂಕು ಚುಕ್ಕೆಗಳೆಲ್ಲ ನಿಜವಾಗಿಯೂ ಒಂದೇ ಕುಟುಂಬ. ಒಟ್ಟಿಗೆ ಹುಟ್ಟಿ, ಎಷ್ಟು ಚದುರಿದರೂ ಒಂದೇ ದಿಕ್ಕಿಗೆ ಸಾಗುತ್ತಿವೆ. ಕೆಂಪು ಚುಕ್ಕೆ ಮಾತ್ರ ಅವರ ಪೈಕಿಯೇ ಅಲ್ಲ. ಅದು ನಮಗೂ ಆ ಗುಚ್ಛಕ್ಕೂ ನಡುವೆ, ಅರ್ಧ ದಾರಿಗಿಂತ ಈಚೆಗೇ ನಿಂತಿದೆ. ಅದರ ದಾರಿಯೇ ಬೇರೆ. ನಮ್ಮ ಕಣ್ಣಿನ ನೇರಕ್ಕೆ ಸಿಕ್ಕಿದ್ದರಿಂದ ಗುಚ್ಛದೊಳಗೆ ಇದ್ದಂತೆ ಕಾಣುತ್ತದೆ, ಅಷ್ಟೇ. ಅಯ್ಯೋ ಮಾರಾಯಾ, ಇದಲ್ಲವೇ ನಾನು ಹುಟ್ಟಿದಾಗಿನಿಂದ ಹೇಳಬೇಕೆಂದಿದ್ದದ್ದು, ಅನ್ನಿಸಿತು. ಹೇಳುವುದಕ್ಕೆ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವ್ವ ಬಂದಳು. ನನ್ನ ತಂಗಿ ಇರುವುದು ವಿಶಾಖಪಟ್ಟಣದಲ್ಲಿ. ಅವಳ ಗಂಡ ಮೈಸೂರಿನವನು, ಅಲ್ಲಿಯ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ ಕ್ವಾರ್ಟರ್ಸು. ಮೊದಲು ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಈ ಸಲ ದಿನ ತುಂಬುತ್ತ ಬಂದಾಗ ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದರು. ಹಾಗಾಗಿ ಮಗಳು ತವರಿಗೆ ಬರುವ ಬದಲು ತವರೇ ಮಗಳ ಕಡೆ ಹೊರಟಿತು. ಒಣಕೊಬ್ಬರಿ, ಅಂಟು, ಅಳವಿ, ಉತ್ತತ್ತಿ ಎಂದು ಬಾಣಂತಿತನದ ಸಾಮಾನೆಲ್ಲ ಕಟ್ಟಿಕೊಂಡು ಅವ್ವ ನನ್ನ ಮನೆಯಲ್ಲಿ ಒಂದು ರಾತ್ರಿ ಇಳಿದಳು.

ಊಟಕ್ಕೆ ಮುಂಚೆ ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಮಂಡಿ ಹಿಡಿದುಕೊಂಡು ಗೊಣಗುತ್ತ ಹತ್ತಿದಳು. ಬೈನಾಕ್ಯುಲರ್ ಕೈಗೆ ಕೊಟ್ಟು ರೋಹಿಣಿಯನ್ನು ತೋರಿಸಿದೆ. ಮೊದಲು ಎದುರು ಮನೆಯ ನೀರಿನ ಟ್ಯಾಂಕನ್ನು ನೋಡಿದಳು, ಆಮೇಲೆ ಚುಕ್ಕೆ ಸಿಕ್ಕವು.

"ಎಷ್ಟು ಅದಾವೋ ತಮ್ಮಾ!" ಅಂದಳು.

ಕೆಂಪು ಚುಕ್ಕೆಯ ವಿಷಯ ಹೇಳಿದೆ. ಅದು ಈಚೆಗಿದೆ, ಉಳಿದವು ಆಚೆಗಿವೆ, ಅದಕ್ಕೂ ಇವಕ್ಕೂ ಸಂಬಂಧವಿಲ್ಲ ಎಂದು ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸಿದೆ. ಯಾಕೆ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಬೈನಾಕ್ಯುಲರ್ ಇಳಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ದೂರ ಇದ್ರೇನು, ಹತ್ರ ಇದ್ರೇನು? ಕಾಣಾಕ ಒಂದ ಕಡೆ ಕಾಣ್ತಾವಲ್ಲ, ಮಂದಿಗೆ ಅಷ್ಟ ಸಾಕು," ಅಂದಳು. "ನಡಿ, ಅನ್ನ ಆರತೈತಿ."

ಮರುದಿನ ಅವಳನ್ನು ವಿಶಾಖಪಟ್ಟಣದ ರೈಲು ಹತ್ತಿಸಿದೆ.

ಮಾಘದ ನವಮಿಯ ಮಧ್ಯಾಹ್ನ ಶಾಖೆಯಲ್ಲಿದ್ದಾಗ ತಂಗಿಯ ಗಂಡ ಫೋನ್ ಮಾಡಿದ. ಗಂಡುಮಗು, ಇಬ್ಬರೂ ಚೆನ್ನಾಗಿದ್ದಾರೆ. ನಾನು ಕೌಂಟರಿನಲ್ಲಿದ್ದವರಿಗೆಲ್ಲ ಇಲ್ಲಿಯ ಸಿಹಿ ಪೂತರೇಕು ತರಿಸಿ ಹಂಚಿದೆ. ಕೈಗೆಲ್ಲ ಸಕ್ಕರೆ ಅಂಟಿಸಿಕೊಂಡು ಎಲ್ಲರೂ ಅಭಿನಂದಿಸಿದರು. ಸಂಜೆ ಮಾಳಿಗೆಗೆ ಹೋದರೆ ಚಂದ್ರ ಸರಿಯಾಗಿ ಕೆಂಪು ಚುಕ್ಕೆಯ ಪಕ್ಕದಲ್ಲಿ ನಿಂತಿದ್ದ. ಬೆಳಕಿಗೆ ಗುಚ್ಛ ಅಳಿಸಿಯೇ ಹೋಗಿತ್ತು. ಚಂದ್ರ ಎಲ್ಲಿದ್ದಾನೋ ಅದೇ ನಕ್ಷತ್ರ. ಆಗಲೇ ಅವ್ವನ ಫೋನು.

"ಕೂಸು ರೋಹಿಣಿ. ನೀ ಈಗ ಬರಬ್ಯಾಡ," ಅಂದಳು. "ಮತ್ತ ರೋಹಿಣಿ ಬಂದ ದಿನ ಶಾಂತಿ ಮಾಡಸ್ತೀವಿ. ಎಣ್ಣ್ಯಾಗ ಮಾರಿ ನೋಡಿದ ಮ್ಯಾಲ ಎತ್ತಿಕೊಳ್ಳುವಂತಿ. ಫೋಟೋನೂ ನೋಡಬ್ಯಾಡ."

ಶಾಂತಿಯಾದ ಮೇಲೆ ಬಟ್ಟಲಿನಲ್ಲಿ ಎಣ್ಣೆ ತುಂಬಿ, ಅದರಲ್ಲಿ ಬಿದ್ದ ಮಗುವಿನ ಮುಖವನ್ನು ಸೋದರಮಾವ ಮೊದಲು ನೋಡಬೇಕು. ನೇರವಾಗಿ ನೋಡುವುದು ಅದಾದ ಮೇಲೆ. ಇದು ಶಾಸ್ತ್ರ. ನಾನು ಕೂಗಾಡಿದೆ. ನಿನಗೆ ತೋರಿಸಿದ್ದೆಲ್ಲ ಕೋಣನ ಮುಂದೆ ಕಿನ್ನರಿಯಾಯಿತಲ್ಲ ಅಂದೆ. "ಕೋಣ ಅನ್ನು, ಎಮ್ಮಿ ಅನ್ನು. ಬರಬ್ಯಾಡ," ಎಂದು ಫೋನ್ ಇಟ್ಟಳು.

ನಾನು ಹೋದೆ. ಶನಿವಾರ ರಜೆ ಇತ್ತು. ವಿಶಾಖಪಟ್ಟಣದಲ್ಲಿ ಇಳಿದು, ದ್ವಾರಕಾ ನಗರದ ಅಂಗಡಿಗಳಲ್ಲಿ ಮಗುವಿಗೆ ಬೆಳ್ಳಿಯ ಕಾಲ್ಗಡಗ, ತಂಗಿಗೆ ಸೀರೆ ತೆಗೆದುಕೊಂಡು ಟೌನ್‌ಶಿಪ್‌ಗೆ ಹೋಗಿ ಬಾಗಿಲು ತಟ್ಟಿದೆ. ಅವ್ವ ತೆರೆದಳು. ತೆರೆದವಳು ಹೊಸ್ತಿಲ ಮೇಲೇ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಳು. ಅಷ್ಟು ದೂರದಿಂದ ಬಂದ ಮಗನಿಗೆ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಚಹಾ ಕೊಟ್ಟಳು. ಒಳಗೆ ಮಗು ಅಳುತ್ತಿತ್ತು. ಸಣ್ಣ, ಸೀಳು ದನಿ. ನನ್ನ ಕೈಯಲ್ಲಿ ಚಹಾದ ಕಪ್ಪು. ಅಂಥ ಅವಮಾನ ನನಗೆ ಯಾವ ಮೇಲಧಿಕಾರಿಯೂ ಮಾಡಿರಲಿಲ್ಲ.

ಬಾಣಂತಿ ಕೋಣೆಯಿಂದ ತಂಗಿ ಫೋನ್ ಮಾಡಿದಳು. ಅವಳ ದನಿ ಗೋಡೆಯಾಚೆಯಿಂದಲೂ ಕೇಳುತ್ತಿತ್ತು, ಫೋನಿನಲ್ಲೂ ಕೇಳುತ್ತಿತ್ತು.

"ಅಣ್ಣಾ, ಒಳಗ ಬಾ."

"ಅವ್ವ ಬಾಗಲದಾಗ ನಿಂತಾಳ."

"ದೂಡಿ ಬಾ. ನನಗ ಇದು ಹೆಂಗ ಹುಟ್ಟೇತಿ ಗೊತ್ತೈತಲ್ಲ ನಿನಗ? ಅಪ್ಪ ಇಲ್ಲ. ತವರಂದ್ರ ನೀನ. ನೀನ ನೋಡಲಿಲ್ಲ ಅಂದ್ರ ಯಾರಿಗೆ ತೋರಿಸ್ಲಿ?" ದನಿ ತಗ್ಗಿಸಿ, "ಖರೇ ಹೇಳು. ಅಂಜಿಕಿ ಅವ್ವಗೋ, ನಿನಗೋ?" ಅಂದಳು.

ನನಗಿಲ್ಲ ಅಂದೆ. ಆದರೆ ಎದ್ದು ಅವ್ವನನ್ನು ದೂಡಿ ಹೋಗಲಿಲ್ಲ. ಅದಕ್ಕೆ ಅವ್ವನ ಮುಖವೊಂದೇ ಕಾರಣವಲ್ಲ. ಅಂಜಿಕೆ ನನಗೂ ಇತ್ತು. ಗುಚ್ಛ, ದೂರ, ದಿಕ್ಕು ಎಲ್ಲ ಓದಿಕೊಂಡವನಿಗೂ ಇತ್ತು. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸಂಜೆಯ ರೈಲಿಗೆ ವಾಪಸಾದೆ.

ಈ ನಡುವೆ ತಂಗಿಯ ಗಂಡ ಒಂದು ದಾರಿ ಹುಡುಕಿದ. ಟೌನ್‌ಶಿಪ್ ದೇವಸ್ಥಾನದ ಪುರೋಹಿತರು ತಮ್ಮ ತೆಲುಗು ಪಂಚಾಂಗ ಬಿಚ್ಚಿ ನೋಡಿ, "ರೋಹಿಣಿ ಕಾದಂಡಿ, ಮೃಗಶಿರ," ಅಂದರಂತೆ, ರೋಹಿಣಿ ಅಲ್ಲ ಎಂದು. ಅವರ ಪಂಚಾಂಗದ ಗಣಿತವೇ ಬೇರೆ. ಅವ್ವ ಗದಗಿನಿಂದ ತಂದಿದ್ದ ಪಂಚಾಂಗದ ಪ್ರಕಾರ ಆ ದಿನ ರೋಹಿಣಿ ಸಂಜೆಯವರೆಗೂ ಇತ್ತು. ಇವರದರಲ್ಲಿ ಮಗು ಹುಟ್ಟುವ ಸ್ವಲ್ಪ ಮುಂಚೆಯೇ ಮುಗಿದಿತ್ತು. ಆತ ಖುಷಿಯಿಂದ ನನಗೆ ಫೋನ್ ಮಾಡಿದ.

"ಭಾವ, ಮೃಗಶಿರ ಅಂತ ಇಟ್ಕೊಂಡುಬಿಡೋಣ ಅಂಡಿ. ಶಾಂತಿನೂ ಬೇಡ, ಎಣ್ಣೆನೂ ಬೇಡ. ಅತ್ತೆನೂ ಒಪ್ಪಿದಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಮೈಸೂರಿನವನ ಬಾಯಲ್ಲಿ ಆ ತೆಲುಗಿನ ‘ಅಂಡಿ’ ಕೇಳಿದರೆ ನನಗೆ ಯಾವಾಗಲೂ ನಗು. ಅವತ್ತು ನಗಲಿಲ್ಲ. ಸರಿ ಅಂದೆ. ಮಗುವನ್ನು ನೋಡಲು ಸಿಕ್ಕರೆ ಯಾವ ನಕ್ಷತ್ರವಾದರೇನು? ನಾಳೆಯೇ ರಜೆ ಹಾಕಿ ಹೊರಡುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಆತ ಸಿಂಹಾಚಲಂಗೆ ಮಗುವಿನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೋದ. ಅರ್ಚಕರು ಗೋತ್ರ ಕೇಳಿದರು, ಹೇಳಿದ. ನಕ್ಷತ್ರ ಕೇಳಿದರು. ಎಂಜಿನಿಯರಿಗೆ ದೇವರ ಎದುರು ನಾಲಗೆ ತಡವರಿಸಿತು. ಹಿಂದೆ ಸಾಲು ತಳ್ಳುತ್ತಿದೆ. ಪಕ್ಕಕ್ಕೆ ಸರಿದು, ಹೊರಗೆ ಬಂದು ಮನೆಗೆ ಫೋನ್ ಮಾಡಿದನಂತೆ: ಏನು ಹೇಳಲಿ?

ಫೋನ್ ಎತ್ತಿದ್ದು ತಂಗಿ. ಮೃಗಶಿರದ ಮಾತು ಅವಳ ಕಿವಿಗೆ ಬಿದ್ದದ್ದು ಆಗಲೇ ಮೊದಲು. ಬಾಣಂತಿಗೆ ಯಾಕೆ ತಲೆಬಿಸಿ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಗಂಡನಿಗೆ ಏನೆಂದಳೋ ಅದನ್ನೇ ಆಮೇಲೆ ನನಗೂ ಹೇಳಿದಳು, ಅಷ್ಟೇ ಜೋರಾಗಿ.

"ರೋಹಿಣಿ ಅನ್ರಿ ಅಂದೆ. ಇವನ್ನ ಮೃಗಶಿರ ಮಾಡಿ ಪಾರು ಮಾಡ್ತೀರಿ, ಹಂಗಾರ ನೀ? ನೀ ಒಬ್ಬಾಂವ ರೋಹಿಣಿ ಆಗಿ ಉಳೀತಿಯಲ್ಲ, ಮಾವನ್ನ ನುಂಗಿದಾಂವ ಅನ್ನಿಸ್ಕೊಂಡು! ನನ್ನ ಮಗ ರೋಹಿಣಿ. ನನ್ನ ಅಣ್ಣನೂ ರೋಹಿಣಿ. ಆಗೂದು ಆಗ್ಲಿ."

ಆ ಮಾತು ಅವಳ ಕಿವಿಗೂ ಬೀಳುತ್ತಿತ್ತು, ಅವಳಿಗೂ ನೋಯುತ್ತಿತ್ತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತವಳು ಅವಳು ಎಂದಷ್ಟೇ ತಿಳಿದಿದ್ದೆ. ರಜೆಯ ಅರ್ಜಿಯನ್ನು ಮುಂದಿನ ರೋಹಿಣಿಯ ದಿನಕ್ಕೆ ಬದಲಾಯಿಸಿದೆ.

ಆ ದಿನ ಬೆಳಗಿನ ರೈಲಿಗೆ ಹೋದೆ. ನಾನು ತಲುಪುವ ಹೊತ್ತಿಗೆ ಶಾಂತಿ ಮುಗಿಸಿ ಪುರೋಹಿತರು ಊಟ ಮಾಡಿ ಹೊರಟಿದ್ದರು. ನಡುಮನೆಯಲ್ಲಿ ಮಣೆ ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ಒಂದು ಪಂಚೆಯನ್ನು ಅಡ್ಡ ಹಿಡಿದು ತಂಗಿಯ ಗಂಡ ನಿಂತ. ಅದರ ಹಿಂದೆ ಮಗುವನ್ನು ಎತ್ತಿಕೊಂಡು ತಂಗಿ. ಪಂಚೆಯ ಅಂಚಿನ ಕೆಳಗೆ ಅವ್ವ ಕಂಚಿನ ಬಟ್ಟಲು ಹಿಡಿದು ಕೂತಳು, ತುಂಬ ಎಳ್ಳೆಣ್ಣೆ. ಮಗುವನ್ನು ಬಟ್ಟಲಿನ ಮೇಲೆ ಬಗ್ಗಿಸಬೇಕು, ನಾನು ಎಣ್ಣೆಯನ್ನಷ್ಟೇ ನೋಡಬೇಕು.

"ನೋಡು," ಅಂದಳು ಅವ್ವ.

ನೋಡಿದೆ. ಕಿಟಕಿಯ ಬೆಳಕು ಕಂಡಿತು, ಫ್ಯಾನು ಕಂಡಿತು, ಎರಡೂ ಚೂರುಚೂರಾಗಿ ಅಲ್ಲಾಡುತ್ತಿದ್ದವು. ಫ್ಯಾನ್ ಆರಿಸಿದರು. ಆದರೂ ಎಣ್ಣೆ ನಿಲ್ಲಲಿಲ್ಲ. ಆಮೇಲೆ ತಿಳಿಯಿತು, ನಡುಗುತ್ತಿದ್ದದ್ದು ಅವ್ವನ ಕೈ.

"ಕಾಣವಲ್ದವ್ವ," ಅಂದೆ. "ಕೆಳಗ ಇಡು, ನಿಂದರತೈತಿ."

ಅವಳು ಇಡಲಿಲ್ಲ. ಬಟ್ಟಲನ್ನೇ ನೋಡುತ್ತ ಕೂತಳು. ತಂಗಿ ಪಂಚೆಯ ಹಿಂದಿನಿಂದ, "ಏನಾತವ್ವ?" ಅಂದಳು.

"ನನ್ನ ತಮ್ಮಗೂ ತೋರಿಸಿದ್ನಿ," ಅಂದಳು ಅವ್ವ. "ಹಿಂಗ. ಶಾಂತಿನೂ ಮಾಡಿಸಿದ್ನಿ. ಅಂವ ನಕ್ಕೋತ ಕುಂತಿದ್ದ. ‘ಅಕ್ಕಾ, ನನ್ನ ಮಾರಿನ ಕಾಣತೈತಿ’ ಅಂತಿದ್ದ. ಏನೂ ಕಡಿಮಿ ಮಾಡಿರಲಿಲ್ಲ. ಆದ್ರೂ ಹ್ವಾದ."

ನಾನು ತಲೆ ಎತ್ತಿದೆ. ಇಷ್ಟು ವರ್ಷದಲ್ಲಿ ಅವಳು ಅವನ ಸಾವಿನ ಮಾತೆತ್ತಿದ್ದು ಅದೇ ಮೊದಲು.

"ಮಣ್ಣು ಮಾಡಿ ಬಂದ ದಿನ ನಮ್ಮವ್ವ ಕೇಳಿದ್ಲು, ಎಲ್ಲಾ ಮಾಡಿಸಿದ್ದೇನ ಅಂತ. ಹೂಂ ಅಂದ್ನಿ. ಮಾಡಿಸಿಲ್ಲ ಅಂದಿದ್ರ ನನ್ನ ಬೈತಿದ್ರು, ನಾಕು ದಿನ ಬೈದು ಬಿಡ್ತಿದ್ರು. ಎಲ್ಲಾ ಮಾಡಿಸಿದ್ರೂ ಹ್ವಾದ ಅಂದ್ರ ಕೂಸಿಂದ ದೋಷ ಭಾಳ ದೊಡ್ಡದು ಅಂದ್ರು. ಎಲ್ಲಾ ನಿನ್ನ ಮ್ಯಾಲ ಹಾಕಿದ್ರು." ಎಣ್ಣೆ ತುಳುಕಿ ಅವಳ ಕೈಮೇಲೆ ಇಳಿಯಿತು. "ಒಂದು ಸುಳ್ಳು ಹೇಳಾಕ ಬಾಯಿ ಬರಲಿಲ್ಲ ನನಗ. ಒಂದ ಸುಳ್ಳು. ನೀ ಉಳೀತಿದ್ದೆಪ್ಪಾ."

ತಂಗಿಯ ಗಂಡನ ಕೈಯಿಂದ ಪಂಚೆ ಅದಾಗಿಯೇ ಇಳಿಯಿತು. ನನ್ನ ಕಣ್ಣು ಅವ್ವನ ಮೇಲೇ ಇತ್ತು. "ಗೊತ್ತಿದ್ದೂ ಮತ್ಯಾಕವ್ವ ಇದೆಲ್ಲಾ? ನನ್ನ ಯಾಕ ಹೊರಗ ಕುಂದರಿಸಿದಿ?" ಅಂದೆ.

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ತಂಗಿಯ ತೋಳಿನಿಂದ ಮಗುವನ್ನು ತೆಗೆದು ನೇರವಾಗಿ ನನ್ನ ತೊಡೆಯ ಮೇಲೆ ಇಟ್ಟಳು.

"ಹುಟ್ಟಿದ ದಿನಾನ ನನಗ ಕಂಡಿತ್ತು," ಅಂದಳು. "ಅದಕ್ಕ ಅಂಜಿದ್ನಿ, ನಿನ್ನ ಒಯ್ಯಾಕ ಬಂದಾನೇನ ಅಂತ. ಥೇಟ್ ನನ್ನ ತಮ್ಮ. ಮೂಗು ನೋಡು, ಗದ್ದ ನೋಡು. ಅವನ ಬಂದಾನ."

ನಮ್ಮ ಮನೆಯಲ್ಲಿ ಆ ಮಾವನ ಫೋಟೋ ಒಂದೂ ಇಲ್ಲ. ನಾನು ನುಂಗಿದೆ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮನುಷ್ಯನ ಮುಖ ಹೇಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಗಲ ಮೂಗು, ನಡುವೆ ಸಣ್ಣ ಗುಳಿ ಬಿದ್ದ ಗದ್ದ. ಮಗು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.